ಮೊದಲನೇ ಅರ್ಥಕ್ಕೆ ಉದಾಹರಣೆ

ಜೂನ್ 4. ಬೆಳಿಗ್ಗೆ
ಇವರ ಮಗಳಿಗೆ ಇವತ್ತೂ ಓರೆ ಜಡೆ. ಇವರು ಹಾಕಿದ್ದು. ಸರಿಮಾಡೋಣವೆಂದು ಕೈ ಚಾಚಿದೆ. ಹುಡುಗಿ ಅಪ್ಪನ ಬೆನ್ನ ಹಿಂದೆ ಸರಿದಳು. ನಾನು ಮದುವೆಯಾಗಿ ಈ ಮನೆಗೆ ಬಂದು ವರ್ಷವಾಗುತ್ತಾ ಬಂತು. ಇನ್ನೂ ನನ್ನನ್ನು ಏನೆಂದೂ ಕರೆದಿಲ್ಲ. ‘ನೋಡಿ’, ‘ಇಲ್ಲಿ’... ಅಷ್ಟೇ. ಆಫೀಸಿನಲ್ಲಿ ಪದಗಳ ರಾಶಿ ನಡುವೆ ಕೂರುತ್ತೇನೆ. ಮನೆಯಲ್ಲಿ ನನಗೊಂದು ಪದಕ್ಕೂ ಗತಿಯಿಲ್ಲ.

ಜೂನ್ 5
ನಿಘಂಟಿನ ಪರಿಷ್ಕರಣೆ ‘ಮ’ಕ್ಕೆ ಬಂತು. ‘ಮಲತಾಯಿ’. ಹಳೆಯ ಮುದ್ರಣದಲ್ಲಿ ಒಂದೇ ಅರ್ಥ — ತಂದೆಯ ಎರಡನೆಯ ಹೆಂಡತಿ. ಸಂಪಾದಕರಿಗೆ ಇನ್ನೊಂದು ಬೇಕಂತೆ: ಪ್ರೀತಿಯಿಲ್ಲದೆ, ಭೇದ ಮಾಡಿ ನಡೆಸಿಕೊಳ್ಳುವವರು. ಪತ್ರಿಕೆಗಳ ತುಂಬ ಅದೇ ಬಳಕೆ.
“ಅದು ಬೈಗುಳ ಸಾರ್, ಅರ್ಥ ಅಲ್ಲ.”
“ಜನ ಬಳಸಿದ್ದೇ ಅರ್ಥ ಅಂತ ಇಷ್ಟು ವರ್ಷ ನನ್ನ ತಲೆ ತಿಂದೋರು ಯಾರಮ್ಮ?”
ನಾನೇ. 

ಜೂನ್ 9
ಕೂತಲ್ಲಿ ಕೂರಲಾಗುತ್ತಿಲ್ಲ. ಹೊಸ ಮುದ್ರಣ ಹುಡುಗಿಯ ಶಾಲೆಗೂ ಹೋಗುತ್ತದೆ. ಆ ಪುಟ ತೆರೆಯದೆ ಇರುತ್ತಾಳೆಯೇ? ಸಂಪಾದಕರ ಮೇಲೆ ಸಿಟ್ಟು ಅಂದುಕೊಂಡಿದ್ದೆ. ಸಿಟ್ಟಲ್ಲ, ಹೆದರಿಕೆ. ಜನ ಹೇಳಿದ್ದೇ ಸರಿ ಎಂದು ಅವಳು ಒಪ್ಪಿಬಿಟ್ಟರೆ...

ಜೂನ್ 20
ಎರಡನೇ ಅರ್ಥ ಕೊನೆಗೆ ನಾನೇ ಬರೆದೆ. ಸುಳ್ಳು ನಿಘಂಟು ಮಾಡಲು ಮನಸ್ಸು ಬರಲಿಲ್ಲ. ಕರಡು ತಿದ್ದಲು ಮನೆಗೆ ತಂದು, ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ದಡ್ಡಿ! ಬಂದಾಗ ಹುಡುಗಿ ಅದೇ ಪುಟದ ಮುಂದೆ.
“ಇದನ್ನ ನೀವೇ ಬರ್ದಿದ್ದಾ?”
“ಹೂಂ. ಜನ ಹಾಗಂತಾರೆ.”
“ಎರಡನೇದಕ್ಕೆ ಇಷ್ಟೊಂದು ಉದಾಹರಣೆ. ಮೊದಲನೇದಕ್ಕೆ ಒಂದೂ ಇಲ್ವಲ್ಲ?”
“ಹುಡುಕಿದೆ. ಬೈಯೋದು ಬಿಟ್ಟು ಸುಮ್ನೆ ಯಾರೂ ಆ ಪದ ಆಡಿರ್ಲಿಲ್ಲ.”
ಎದ್ದು ರೂಮಿಗೆ ಹೋದಳು. ಊಟಕ್ಕೆ ಕೂತೆವು. ಇವರು ಇಬ್ಬರ ಮುಖವನ್ನೂ ನೋಡಿ ನೋಡಿ ತಟ್ಟೆ ಎತ್ತಿಕೊಂಡು ಹೋದರು.

ಜೂನ್ 21. ಬೆಳಿಗ್ಗೆ
ಕರಡಿನಲ್ಲಿ ಪೆನ್ಸಿಲ್ ಅಕ್ಷರ. ಮೊದಲನೇ ಅರ್ಥದ ಪಕ್ಕ, ಗುಂಡಗೆ: ‘ಉದಾ: ನನ್ನ ಮಲತಾಯಿಗೆ ಜಡೆ ಹಾಕಲು ಬರುತ್ತದೋ ಇಲ್ಲವೋ, ಇನ್ನೂ ನೋಡಿಲ್ಲ.’
ಓದಿದೆ. ಮತ್ತೆ ಓದಿದೆ. ಅಳು ಬಂತು. ನಗುವೂ ಬಂತು.
ವಾಕ್ಯ ಎಲ್ಲಿಂದ ತೆಗೆದದ್ದು, ಆಕರ ಯಾವುದು ಎಂದು ಸಂಪಾದಕರು ಕೇಳುತ್ತಾರೆ. ಕೇಳಲಿ. ಆಕರ ಈಗ ಕೂದಲು ಬಿಚ್ಚಿಕೊಂಡು, ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತಿದೆ. ಬಸ್ಸಿಗೆ ಹೊತ್ತಾಯಿತೆಂದು ಕಾಲು ಕುಟ್ಟುತ್ತಿದೆ. ನನಗೂ ಜಡೆ ನೆಟ್ಟಗೆ ಬರುವುದಿಲ್ಲ, ಆದರೂ —