ನೀಲಗಿರಿ ಸಸಿಗಳ ಬಂದೋಬಸ್ತ್

10-8-83, ಬುಧವಾರ. ಬೆಳಿಗ್ಗೆ 6

ಮತ್ತೆ ಅದೇ ನೀರು ಟೀ. ದೇವರಾಯಸಮುದ್ರದ ಕೆರೆ ಪಕ್ಕ ಟೆಂಟು. ಕಾರವಾರದಿಂದ ಇಷ್ಟು ದೂರ ಸಬ್‌ಇನ್ಸ್‌ಪೆಕ್ಟರ್ ಆಗಿ ಬಂದದ್ದು ನರ್ಸರಿಯ ನೀಲಗಿರಿ ಸಸಿ ಕಾಯಲಿಕ್ಕೆ! ನೆಡಿ ಎನ್ನುತ್ತದೆ ಸರ್ಕಾರ. ಬಾವಿ ಬತ್ತುತ್ತವೆ, ಕೀಳುತ್ತೇವೆ ಎನ್ನುತ್ತದೆ ರೈತರ ಸಂಘ. ಸಂಘದ ಶ್ರೀರಾಮಪ್ಪ ಬಂದು ಮಜ್ಜಿಗೆ ಕೊಟ್ಟ. ಶನಿವಾರ ಹಗಲಲ್ಲೇ ಕೀಳುತ್ತಾರಂತೆ, ಹೇಳಿಯೇ ಮಾಡುತ್ತಾರಂತೆ. ಮಜ್ಜಿಗೆ ಕುಡಿದೆ. ಮಾತು ನಂಬಲಿಲ್ಲ.

12-8-83, ಶುಕ್ರವಾರ. ಮಧ್ಯಾಹ್ನ 3

ವೈರ್‌ಲೆಸ್ ಬಂತು. ಸಂಘದೊಳಗೆ ತೀವ್ರಗಾಮಿಗಳು ಸೇರಿದ್ದಾರೆ, ಇವತ್ತೇ ನರ್ಸರಿಗೆ ಬೆಂಕಿ ಇಡುತ್ತಾರೆ. ಬೆಂಕಿ ಕಂಡರೆ ಕಾಯಬೇಡಿ, ಗುಂಡು ಹಾರಿಸಿ ಎಂದರು ಡಿವೈಎಸ್ಪಿ. ರೈಫಲ್ ಕೊಟ್ಟಿದ್ದಾರೆ. ಒಂದು ಇದೇ ಊರಿನ ಕಾನ್‌ಸ್ಟೇಬಲ್ ಸುಬ್ಬರಾಯಪ್ಪನ ಕೈಯಲ್ಲಿ. ಬೆಳಿಗ್ಗೆಯಿಂದ ಏನೋ ಹೇಳಲು ಸುತ್ತುತ್ತಿದ್ದ, ಗದರಿ ಕಳಿಸಿದೆ. ತಲೆ ಸಿಡಿಯುತ್ತಿದೆ...

15-8-83. ಧ್ವಜಾರೋಹಣ ಮುಗಿಸಿ

ಎರಡು ದಿನ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಬರೆಯುತ್ತೇನೆ.

ಶುಕ್ರವಾರ ಮುಸ್ಸಂಜೆ. ಕೆರೆ ಏರಿಯ ಮೇಲೆ ಬೆಂಕಿ — ಸಾಲಾಗಿ, ತಲೆಯೆತ್ತರದಲ್ಲಿ, ನಮ್ಮ ಕಡೆಗೇ. ದೊಂದಿ ಎಂದುಕೊಂಡೆ. ನಿಲ್ಲಿ ಎಂದು ಕೂಗಿದೆ. ನಿಲ್ಲಲಿಲ್ಲ. ಮತ್ತೆ ಕೂಗಿದೆ. ಉಹುಂ. ರೈಫಲ್‌ಗಳು ಎದ್ದವು. ಫೈರ್ ಎನ್ನಲು ಬಾಯಿ ತೆರೆದಿದ್ದೆ.

ಸುಬ್ಬರಾಯಪ್ಪ ರೈಫಲ್ ಇಳಿಸಿಬಿಟ್ಟ. ಗಾಬರಿಗೆ ತೆಲುಗೇ ಬಂತು ಅವನಿಗೆ.

"ವದ್ದು ಸಾರ್, ಬ್ಯಾಡ! ಗಂಗಮ್ಮಂಗೆ ತಂಬಿಟ್ಟು ದೀಪ ಅದು. ತಲೆ ಮೇಲೆ ಹೊತ್ಮೇಲೆ ಗುಡಿ ಸೇರೋ ತನಕ ನಿಲ್ಲಂಗಿಲ್ಲ. ಮುಂದೆ ಇರೋಳು ನಮ್ಮಮ್ಮ."

ಹಿಟ್ಟು-ಬೆಲ್ಲದ ಉಂಡೆ, ಅದರಲ್ಲಿ ತುಪ್ಪದ ಬತ್ತಿ. ಹೆಂಗಸರು ನಮ್ಮ ಮುಂದೆಯೇ ಹಾದುಹೋದರು. ಶ್ರಾವಣ ಶುಕ್ರವಾರ ಎಂಬುದೂ ನನಗೆ ನೆನಪಿರಲಿಲ್ಲ. ದೇವರು ದೊಡ್ಡವನು.

ಶನಿವಾರ, ಹೇಳಿದ ಹಾಗೆ, ಹಾಡುಹಗಲೇ ಸಸಿ ಕಿತ್ತರು. ಕಿತ್ತ ಜಾಗಕ್ಕೆ ಹೊಂಗೆ ಬೀಜ ಹಾಕಿ, ತಾವೇ ಪೊಲೀಸ್ ವ್ಯಾನ್ ಹತ್ತಿದರು. ಅವರಲ್ಲಿ ಸುಬ್ಬರಾಯಪ್ಪನ ತಾಯಿ ಮುನಿಯಲ್ಲಮ್ಮ. ಸೆರಗಿನ ಗಂಟು ಬಿಚ್ಚಿ ತಂಬಿಟ್ಟು ಕೈಗಿಟ್ಟಳು.

"ತಿನ್ನಪ್ಪ. ಮಕ ಬಾಡೋಗೈತೆ."

ಅರೆಸ್ಟ್ ಮಾಡಿದವನಿಗೆ! ವ್ಯಾನ್ ಹಿಂದೆ ನಿಂತು ತಿಂದೆ. ಅತ್ತುಬಿಟ್ಟೆ. ಹೆತ್ತ ತಾಯಿ ತೀರಿಕೊಂಡ ಮೇಲೆ ಯಾರೂ ನನ್ನ ಮುಖ ನೋಡಿ ತಿನ್ನು ಎಂದಿರಲಿಲ್ಲ.

19-8-83. ಬೆಳಿಗ್ಗೆ 10

ಕೋಲಾರ. ಡಿವೈಎಸ್ಪಿ ಆಫೀಸಿನ ಬೆಂಚು. ಆರ್ಡರ್ ಇಲ್ಲದೆ ರೈಫಲ್ ಇಳಿಸಿದವನು ಯಾರು ಎಂದು ವಿಚಾರಣೆ. ಸಿಕ್ಕಿದರೆ ಕೆಲಸ ಹೋಗುತ್ತದೆ. ಸುಬ್ಬರಾಯಪ್ಪ ಪಕ್ಕದಲ್ಲೇ. ಬೂಟು ಪಾಲಿಶ್ ಮಾಡಿಕೊಂಡು ಬಂದಿದ್ದಾನೆ, ಪಾಪ. ಅವನಿಗೆ ಇನ್ನೂ ಹೇಳಿಲ್ಲ — ಇಳಿಸು ಎಂದವನು ನಾನೇ ಎಂದು ಹೇಳುವವನಿದ್ದೇನೆ. ನನ್ನ ಹೆಗಲ ಸ್ಟಾರ್ ಹೋದರೆ ಹೋಗಲಿ. ಆ ತಾಯಿಯನ್ನು ನನ್ನ ಬಾಯಿಂದ ಕಾಪಾಡಿದವನು ಇವನು...

ಒಳಗಿಂದ ಕೂಗಿದರು. ಅವನ ಹೆಸರು ಮೊದಲು. ಎದ್ದು ನಿಂತ. ಇಲ್ಲ, ಕೂತ್ಕೊಳೋ, ನಾನು—