ಹುಣಸೆ ಕೊಂಬೆಯ ನೆರಳು

ಸಿ.ಎಸ್. ಪುರ,
ಮಂಗಳವಾರ

ಶಿವನಂಜಕ್ಕನಿಗೆ ನಿಮ್ಮ ವಾರಗಿತ್ತಿಯ ನಮಸ್ಕಾರ.

ಪಕ್ಕದ ಮನೆಯಲ್ಲೇ ಇದ್ದು ಕಾಗದ ಬರೆಯುತ್ತಿದ್ದೇನೆ. ಎದುರು ನಿಂತು ಹೇಳಲು ನಾಚಿಕೆ.

ಸರ್ಕಾರ ಕೊಡುವ ಸೋಲಾರ್ ಪಂಪಿಗೆ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದೆವು. ಪಟ್ಟಿಯಲ್ಲಿ ನಿಮ್ಮ ಹೆಸರು ಬಂತು, ನಮ್ಮದು ಬರಲಿಲ್ಲ. ಪಂಪು ಶುರುವಾದ ದಿನ ನೀವು, "ಬಾರೆ, ಸ್ವಿಚ್ ನೀನೇ ಹಾಕು" ಅಂದಿರಿ. "ಕೆಲ್ಸ ಐತೆ" ಎಂದು ಹೊರಟುಬಂದೆ. ಮನೆಯಲ್ಲಿ ಯಾವ ಕೆಲಸವೂ ಇರಲಿಲ್ಲ.

ನಮ್ಮ ಬದುವಿನ ಹುಣಸೆ ಮರದ ನೆರಳು ಮಧ್ಯಾಹ್ನ ಮೂರರ ಮೇಲೆ ನಿಮ್ಮ ಪ್ಯಾನೆಲ್‌ಗಳ ಮೇಲೆ ಬೀಳುತ್ತದೆ. ಒಂದು ಕೊಂಬೆ ಕಡಿಸಲು ನೀವು ಕೇಳಿದಾಗ, "ಅತ್ತೆ ನೆಟ್ಟ ಮರ, ಮುಟ್ಬೇಡಿ" ಎಂದೆ. ಅತ್ತೆಯ ಮೇಲಿನ ಪ್ರೀತಿಯಿಂದ ಅಂದದ್ದಲ್ಲ. ಆ ನೆರಳು ಬೀಳುವುದನ್ನು ದಿನಾ ನಿಂತು ನೋಡುತ್ತಿದ್ದೆ.

ನಿನ್ನೆ ಆ ನೆರಳು ಬಿದ್ದ ಮೇಲೆ ಪಂಪಿನ ನೀರು ಸಣ್ಣಗಾಯಿತು. ಮಂಡಿನೋವಿನಲ್ಲೇ ನೀವು ಬಿಂದಿಗೆ ಹೊತ್ತು ತೆಂಗಿನ ಸಸಿಗಳಿಗೆ ನೀರು ಹಾಕಿದಿರಿ. ಅದನ್ನು ನೋಡಿ ನನಗೆ ಖುಷಿಯಾಯಿತು. ಆ ಖುಷಿ ಕಂಡು ನನಗೇ ಭಯವಾಯಿತು.

ನಾಳೆ ಬೆಳಿಗ್ಗೆಯೇ ಆಳು ಕರೆಸಿ ಆ ಕೊಂಬೆ ಕಡಿಸಿಬಿಡಿ. ಎರಡನೇ ಪಟ್ಟಿಯಲ್ಲೂ ನಮ್ಮ ಹೆಸರಿಲ್ಲವಂತೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ನಾನು ಗುಬ್ಬಿಗೆ ಹೋಗಿರುತ್ತೇನೆ. ಎದುರಿಗಿದ್ದರೆ ಮತ್ತೆ ಬೇಡ ಅಂದುಬಿಟ್ಟೇನು.

ಇಂತಿ ನಿಮ್ಮ,
ಪುಟ್ಟಗಂಗಮ್ಮ