ಹುರುಳಿ ಹಾಸಿದ ರಸ್ತೆ

ಆಶಾರಾಣಿಗೆ,

ಫೋನ್ ಮಾಡಿದಾಗಲೆಲ್ಲ ನೀನು 'ನೀನಿಲ್ದಿದ್ರೆ ಅವತ್ತೇ ಓಗ್ಬುಡ್ತಿದ್ದೆ ಕಣಕ್ಕಾ' ಅನ್ನುತ್ತೀಯಲ್ಲ, ಅದನ್ನು ಕೇಳಲಾರದೆ ಈ ಕಾಗದ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಹೋದರೆ ಅಳುತ್ತೇನೆ, ಆಗ ನೀನೇ ನನ್ನನ್ನು ಸಮಾಧಾನ ಮಾಡುತ್ತೀಯ. ಅದು ಬೇಡ.

ಹೋದ ವರ್ಷ ಹಳ್ಳಿಮೈಸೂರು ರಸ್ತೆಯಲ್ಲಿ ಹಾಸಿದ್ದ ಹುರುಳಿ ಮೇಲೆ ನಿನ್ನ ಸ್ಕೂಟರ್ ಜಾರಿದಾಗಿನಿಂದ ನನಗೂ ನೆಮ್ಮದಿಯಿಲ್ಲ. ಒಣಗಿದ ಗಿಡದ ಮೇಲೆ ಟೈರು ಹತ್ತಿದ ಸದ್ದು ಕೇಳಿದರೆ ಸಾಕು, ಕೈಲಿದ್ದ ಮೊರ ಬಿಟ್ಟು ಒಳಗೆ ಓಡಿಬಿಡುತ್ತಿದ್ದೆ. ನಮ್ಮ ಯಜಮಾನರು ದೇವರಾಜು ನನ್ನ ತೋಳಿಗೆ ಯಂತ್ರ ಕಟ್ಟಿಸಿದರು. ಏನೂ ಆಗಲಿಲ್ಲ. ಕೊನೆಗೆ ಹಾಸನದಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋದೆ.

ಆಯಮ್ಮನೂ ಯಂತ್ರವನ್ನೇ ಕೊಟ್ಟರು, ಆದರೆ ಕರೆಂಟಿನದು. ಎರಡು ಅಂಗೈಗೂ ನಿಂಬೆಕಾಯಿಗಿಂತ ಚಿಕ್ಕದೊಂದೊಂದು. ಎಡಗೈಲಿ ಜುಮ್ ಅನ್ನುತ್ತೆ, ಆಮೇಲೆ ಬಲಗೈಲಿ, ಮತ್ತೆ ಎಡಗೈಲಿ. ಅದರ ಕಡೆ ಒಂದು ಗಮನ ಇಟ್ಟುಕೊಂಡೇ ಅವತ್ತಿನದನ್ನು ನೆನೆಸಿಕೊಳ್ಳಬೇಕು. ಅರ್ಧ ನಿಮಿಷಕ್ಕೆ ನಿಲ್ಲಿಸಿ, ಈಗೇನು ಬಂತು ಅಂತ ಕೇಳುತ್ತಾರೆ. ನೆನಪು ಅಳಿಯಲ್ಲವಂತೆ, ಅದರ ಮುಳ್ಳು ಮೊಂಡಾಗುತ್ತಂತೆ. ಇದೆಂಥ ಮಕ್ಕಳಾಟ ಅಂದುಕೊಂಡೆ. ನಾಲ್ಕನೇ ವಾರಕ್ಕೆ ಆ ಸದ್ದು ದೂರ ಸರಿಯಿತು, ಹಿಂದಿದ್ದದ್ದು ಕಾಣಿಸಿತು. ಅದನ್ನು ನಾನು ಮರೆತಿರಲಿಲ್ಲ, ಆ ಕಡೆ ತಿರುಗಿ ನೋಡಿರಲಿಲ್ಲ ಅಷ್ಟೆ.

ಆ ಹುರುಳಿ ನಮ್ಮದು, ಆಶಾ. ಗಾಡಿಗಳು ತುಳಿದು ಒಕ್ಕಣೆ ಆಗಲಿ ಅಂತ ಎಲ್ಲರ ಹಾಗೆ ನಾನೇ ಬೆಳಿಗ್ಗೆ ಹಾಸಿದ್ದೆ. ತಿರುವಿನಲ್ಲಿ ಹಾಸಬಾರದು ಅಂತ ಗೊತ್ತಿತ್ತು. ಬಿಸಿಲು ಅಲ್ಲೇ ಚೆನ್ನಾಗಿತ್ತು. ನಿನ್ನ ಕಾಲು ಸ್ಕೂಟರಿನಡಿ ಸಿಕ್ಕಿಕೊಂಡಿತ್ತು, 'ಅಕ್ಕಾ, ಎತ್ತಕ್ಕಾ' ಅಂತ ಎರಡು ಸಲ ಕೂಗಿ ಎಚ್ಚರ ತಪ್ಪಿದೆ. ಪೊಲೀಸರು ಬಂದರೆ ನಮ್ಮ ಗತಿ ಏನು ಅಂತ ನಾನು ಮೊದಲು ಹುರುಳಿಯನ್ನೆಲ್ಲ ಬೇಲಿಯಾಚೆ ಎಳೆದು ಹಾಕಿದೆ. ಆಮೇಲೆ ನಿನ್ನನ್ನು ಎತ್ತಿದೆ. ಹುರುಳಿ ಮೇಲೆ ಜಾರಿದೆ ಅಂತ ಎಚ್ಚರವಾದ ಮೇಲೆ ನೀನು ಹೇಳಿದಾಗ, ಯಾವ ಮನೆಹಾಳರು ಹಾಸಿದ್ದರೋ ಅಂತ ಎಲ್ಲರ ಜೊತೆ ನಾನೂ ಬೈದೆ. ಸ್ವಲ್ಪ ಮುಂಚೆ ತಂದಿದ್ದರೆ ಕಾಲು ಸರಿಹೋಗುತ್ತಿತ್ತು ಅಂತ ಆಸ್ಪತ್ರೆಯವರು ಅಂದಾಗಲೂ ಅಲ್ಲೇ ನಿಂತಿದ್ದೆ.

ಇದನ್ನೂ ಹೋಗಲಾಡಿಸಿ ಅಂತ ಡಾಕ್ಟರನ್ನು ಕೇಳಿದೆ. 'ಸದ್ದಿಗೆ ಹೆದರಿ ಓಡೋದು ನಿಂತಿದೆಯಲ್ಲ, ನಾಗಲಕ್ಷ್ಮಿ. ಇದನ್ನ ಹೇಳಬೇಕಾದ್ದು ನನಗಲ್ಲ' ಅಂದರು.

ನೀನು ತಂದುಕೊಟ್ಟ ಸೀರೆಯ ಮಡಿಕೆ ಬಿಚ್ಚಿಲ್ಲ. ಕೇಳಿದರೆ ಕಳಿಸುತ್ತೇನೆ. ಪೊಲೀಸರಿಗೆ ಈ ಕಾಗದ ಕೊಟ್ಟರೂ ಸರಿ, ನನ್ನ ಕೈಬರಹವೇ. ಇದನ್ನು ಓದಿದ ಮೇಲೂ ಬಾಯಿಗೆ ಬಂದರೆ ಒಂದು ಸಲ ಅಕ್ಕಾ ಅನ್ನು.

ನಿನ್ನ ಕಾಲು ನೋವಿಲ್ಲದೆ ನೆಲ ಊರಲಿ.

ಹುರುಳಿ ಹಾಸಿದವಳು,
ನಾಗಲಕ್ಷ್ಮಿ